ಕೆ. ವೆಂಕಟಪ್ಪ

ಕೆ. ವೆಂಕಟಪ್ಪ (1886–1965) ಮೈಸೂರು ಸಂಸ್ಥಾನದ ಚಿತ್ರಕಲಾವಿದರು, ಉಬ್ಬುಶಿಲ್ಪಿ ಹಾಗೂ ವೈಣಿಕರು. ಅವನೀಂದ್ರನಾಥ ಠಾಕೂರರ ಶಿಷ್ಯರಾದ ಇವರು ಬಂಗಾಳ ಶೈಲಿಯ ಪೌರಾಣಿಕ ಚಿತ್ರಗಳಿಂದ ಹೆಸರು ಗಳಿಸಿ, ಮುಂದೆ ಊಟಿ ಮತ್ತು ಕೊಡೈಕೆನಾಲ್ ಬೆಟ್ಟಗಳ ಜಲವರ್ಣ ನಿಸರ್ಗಚಿತ್ರಗಳನ್ನು ರಚಿಸಿದರು. ಕರ್ನಾಟಕದಲ್ಲಿ ನಿಸರ್ಗಚಿತ್ರವನ್ನು ಸ್ವತಂತ್ರ ಕಲಾಪ್ರಕಾರವಾಗಿ ಬೆಳೆಸಿದವರಲ್ಲಿ ಇವರು ಪ್ರಮುಖರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಇವರ ಹೆಸರನ್ನೇ ಇಡಲಾಗಿದೆ.

ಮನೆತನ

ವೆಂಕಟಪ್ಪನವರು ಜನಿಸಿದ್ದು ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದಲ್ಲಿ. ದೇವತಾಚಿತ್ರಗಳಿಗೆ ಗೆಸ್ಸೊ ಕೆಲಸ ಮಾಡಿ ಚಿನ್ನದ ರೇಕು ಅಂಟಿಸುವ ಮೈಸೂರು ಶೈಲಿ ಇಂತಹ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದ ವಿದ್ಯೆ. ಈ ಪರಂಪರೆಯಲ್ಲಿ ಬೆಟ್ಟ, ಮರ, ಆಕಾಶಗಳು ಚಿತ್ರದೊಳಗೆ ಇರುತ್ತಿದ್ದವಾದರೂ ದೇವರ ಹಿನ್ನೆಲೆಯಾಗಿ ಮಾತ್ರ ಇರುತ್ತಿದ್ದವು. ಬೆಟ್ಟವೊಂದನ್ನೇ ಚಿತ್ರದ ವಸ್ತುವಾಗಿ ಕಾಣುವ ದೃಷ್ಟಿಯನ್ನು ವೆಂಕಟಪ್ಪನವರು ಮನೆಯ ಹೊರಗೆ ಕಲಿಯಬೇಕಾಯಿತು.

ಕಲ್ಕತ್ತೆಯಲ್ಲಿ ಶಿಕ್ಷಣ

ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ವೆಂಕಟಪ್ಪನವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಸೇರಿದರು. ಆಗ ಪರ್ಸಿ ಬ್ರೌನ್ ಶಾಲೆಯ ಪ್ರಾಂಶುಪಾಲರು, ಅವನೀಂದ್ರನಾಥ ಠಾಕೂರರು ಉಪಪ್ರಾಂಶುಪಾಲರು. ನಂದಲಾಲ ಬೋಸ್, ಅಸಿತಕುಮಾರ ಹಾಲ್ದಾರ್ ಮೊದಲಾದವರು ಅವನೀಂದ್ರನಾಥರ ಶಿಷ್ಯವೃಂದದಲ್ಲಿ ಇವರ ಸಮಕಾಲೀನರು.

ಅವನೀಂದ್ರನಾಥರು ಪಾಶ್ಚಾತ್ಯ ತೈಲವರ್ಣದ ಅನುಕರಣೆಯನ್ನು ಬಿಟ್ಟು ಮೊಗಲ್, ರಜಪೂತ ಕಿರುಚಿತ್ರಗಳ ರೇಖೆಯನ್ನೂ ಜಪಾನಿ ಕಲಾವಿದರಿಂದ ತಿಳಿದ ಜಲವರ್ಣದ ವಿಧಾನವನ್ನೂ ಬೆಸೆದಿದ್ದರು. ಕಾಗದದ ಮೇಲೆ ತೆಳುವಾಗಿ ಬಣ್ಣ ಹಚ್ಚಿ, ಒಣಗಿಸಿ, ಮತ್ತೆ ನೀರಿನಲ್ಲಿ ತೋಯಿಸಿ, ಅದರ ಮೇಲೆ ಇನ್ನೊಂದು ತೆಳುಪದರ ಹಚ್ಚುವುದು ಈ ‘ವಾಶ್’ ತಂತ್ರದ ಕ್ರಮ. ಹೀಗೆ ಹಲವು ಸಲ ಮಾಡಿದಾಗ ಬಣ್ಣ ಕಾಗದದೊಳಗೆ ಇಳಿದು ಮಂಜು ಮುಸುಕಿದಂತಹ ಮೃದುತ್ವ ಬರುತ್ತದೆ. ಮನೆತನದಿಂದ ಬಂದ ಕೂದಲೆಳೆಯಷ್ಟು ನವುರಾದ ರೇಖೆಯ ಮೇಲಿನ ಹಿಡಿತ ಮತ್ತು ಕಲ್ಕತ್ತೆಯಲ್ಲಿ ಕಲಿತ ಈ ತಂತ್ರ, ಎರಡೂ ಮುಂದೆ ಅವರ ನಿಸರ್ಗಚಿತ್ರಗಳಲ್ಲಿ ಒಂದಾದವು.

ವಿದ್ಯಾರ್ಥಿಯಾಗಿದ್ದಾಗಲೇ ಅವರ ಕೆಲಸ ಗಮನ ಸೆಳೆಯಿತು. ಸೋದರಿ ನಿವೇದಿತಾ ಆರಂಭಿಸಿ, ಅವರ ಮರಣಾನಂತರ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ, ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥ 1913ರಲ್ಲಿ ಪ್ರಕಟವಾಯಿತು. ಅದರ ರಾಮಾಯಣ ಭಾಗದಲ್ಲಿ ವೆಂಕಟಪ್ಪನವರ ಚಿತ್ರಗಳಿವೆ.

ನಿಸರ್ಗಚಿತ್ರಗಳು

ಕಲ್ಕತ್ತೆಯಿಂದ ಮೈಸೂರಿಗೆ ಹಿಂದಿರುಗಿದ ಮೇಲೆ ವೆಂಕಟಪ್ಪನವರ ಆಸಕ್ತಿ ಪುರಾಣದಿಂದ ಪ್ರಕೃತಿಯ ಕಡೆಗೆ ತಿರುಗಿತು. ಇಪ್ಪತ್ತನೆಯ ಶತಮಾನದ ಇಪ್ಪತ್ತು ಮತ್ತು ಮೂವತ್ತರ ದಶಕಗಳಲ್ಲಿ ಅವರು ನೀಲಗಿರಿಯ ಊಟಿಯನ್ನೂ ಪಳನಿ ಬೆಟ್ಟಸಾಲಿನ ಕೊಡೈಕೆನಾಲನ್ನೂ ಚಿತ್ರಿಸಿದರು. ಎರಡೂ ಸಮುದ್ರಮಟ್ಟದಿಂದ 2,000 ಮೀಟರಿಗೂ ಎತ್ತರದಲ್ಲಿರುವ ಊರುಗಳು. ಅಲ್ಲಿ ಬೆಳಗಿನ ಬಿಸಿಲು, ಮಧ್ಯಾಹ್ನದ ಮೋಡ, ಸಂಜೆಯ ಮಂಜು ಒಂದೇ ದಿನದಲ್ಲಿ ಒಂದೇ ಗುಡ್ಡದ ರೂಪವನ್ನು ಹಲವು ಬಗೆಯಾಗಿ ಬದಲಿಸುತ್ತವೆ. ಸೂರ್ಯೋದಯ, ಬೆಳದಿಂಗಳು, ಮಳೆಮೋಡ, ಸರೋವರದ ನೀರು ಇವೇ ಈ ಚಿತ್ರಗಳ ವಸ್ತು. ಮನುಷ್ಯಾಕೃತಿಗೆ ಇಲ್ಲಿ ಪ್ರಾಧಾನ್ಯವಿಲ್ಲ.

ಜಲವರ್ಣದಲ್ಲಿ ಬಿಳುಪು ಬರುವುದು ಮುಖ್ಯವಾಗಿ ಬಣ್ಣ ತಾಗದೆ ಉಳಿದ ಕಾಗದದಿಂದ. ಆದ್ದರಿಂದ ಬೆಳಕು ಎಲ್ಲಿ ಬೀಳಬೇಕೆಂಬುದನ್ನು ಕುಂಚ ಹಿಡಿಯುವ ಮೊದಲೇ ನಿರ್ಧರಿಸಬೇಕು. ತಿಳಿಬಣ್ಣದಿಂದ ಗಾಢಬಣ್ಣಕ್ಕೆ ಸಾಗಬೇಕು. 1950ರ ದಶಕದಿಂದೀಚೆಗೆ ಬಳಕೆಗೆ ಬಂದ ಆಕ್ರಿಲಿಕ್ ಬಣ್ಣ ಬೇಗ ಒಣಗುತ್ತದೆ, ಅದರ ಮೇಲೆ ಇನ್ನೊಂದು ದಟ್ಟ ಪದರ ಹಚ್ಚಿ ತಪ್ಪನ್ನು ಮುಚ್ಚಬಹುದು. ವೆಂಕಟಪ್ಪನವರ ಮಾಧ್ಯಮದಲ್ಲಿ ಆ ಅನುಕೂಲವಿರಲಿಲ್ಲ. ಈ ಕಾರಣದಿಂದಲೇ ಅವರ ಚಿತ್ರಗಳಲ್ಲಿನ ಮೋಡದ ಅಂಚು, ನೀರಿನ ಹೊಳಪು, ದೂರದ ಬೆಟ್ಟಗಳ ನೀಲಿ ಛಾಯೆ ಇಂದಿಗೂ ಕಲಾವಿದ್ಯಾರ್ಥಿಗಳಿಗೆ ಪಾಠದಂತಿವೆ. ದೂರದ ಬೆಟ್ಟಕ್ಕೆ ತೆಳು ಛಾಯೆ, ಹತ್ತಿರದ ಮರಕ್ಕೆ ಸ್ಪಷ್ಟ ವಿವರ ಎಂಬ ಕ್ರಮದಿಂದ ಅವರು ಕಣಿವೆಯ ಆಳವನ್ನು ಪುಟ್ಟ ಕಾಗದದಲ್ಲಿ ಹಿಡಿದಿದ್ದಾರೆ.

ವೀಣೆ ಮತ್ತು ಉಬ್ಬುಶಿಲ್ಪ

ವೆಂಕಟಪ್ಪನವರು ಪ್ರಸಿದ್ಧ ವೈಣಿಕ ವೀಣೆ ಶೇಷಣ್ಣನವರಲ್ಲಿ ವೀಣಾವಾದನವನ್ನು ಅಭ್ಯಾಸ ಮಾಡಿದರು. ಸಂಗೀತದ ಸೆಳೆತಕ್ಕೂ ಚಿತ್ರಕಲೆಗೂ ನಡುವೆ ಅವರು ಅನುಭವಿಸಿದ ತುಯ್ದಾಟವೇ, ವೀಣೆಯ ಹುಚ್ಚು ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆಯುಳ್ಳ ಅವರ ಒಂದು ಚಿತ್ರಕ್ಕೆ ವಸ್ತುವಾಗಿದೆ. ಅವರು ಅವಿವಾಹಿತರಾಗಿಯೇ ಉಳಿದು, ಶಿಸ್ತಿನ ಒಂಟಿ ಜೀವನ ನಡೆಸಿದರು.

ಮೈಸೂರು ಅರಮನೆಗಾಗಿ ಅವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದರು. 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನಿಧನರಾದ ಬಳಿಕ, ಈ ಕೆಲಸದ ಸಂಭಾವನೆಯ ವಿಷಯ ವಿವಾದವಾಗಿ ನ್ಯಾಯಾಲಯದ ಮೆಟ್ಟಿಲೇರಿತು. ಅರಮನೆಯ ಕೊಡುಗೆಯನ್ನು ಅನುಗ್ರಹವೆಂದು ಸ್ವೀಕರಿಸುವುದು ಚಿತ್ರಗಾರ ಮನೆತನಗಳ ಹಳೆಯ ರೂಢಿ. ಅದೇ ಮನೆತನದಿಂದ ಬಂದವರೊಬ್ಬರು ತಮ್ಮ ಶ್ರಮಕ್ಕೆ ಸಲ್ಲಬೇಕಾದ ಬೆಲೆಯನ್ನು ಹಕ್ಕೆಂದು ಕೇಳಿದ್ದು ಕರ್ನಾಟಕದ ಕಲಾ ಇತಿಹಾಸದಲ್ಲಿ ಗಮನಾರ್ಹ ಸಂಗತಿ. ಮುಂದೆ ಅವರು ಬೆಂಗಳೂರಿನಲ್ಲಿ ನೆಲೆಸಿದರು.

ಗೌರವ ಮತ್ತು ನಿಧನ

ಕೇಂದ್ರ ಲಲಿತಕಲಾ ಅಕಾಡೆಮಿಯು ವೆಂಕಟಪ್ಪನವರಿಗೆ ತನ್ನ ಫೆಲೋಶಿಪ್ ಗೌರವವನ್ನು ನೀಡಿತು. ಅವರು 1965ರಲ್ಲಿ ನಿಧನರಾದರು.

ವೆಂಕಟಪ್ಪ ಚಿತ್ರಶಾಲೆ

ಅವರ ನಿಧನಾನಂತರ ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, ಅವರ ಹೆಸರಿನ ಚಿತ್ರಶಾಲೆ ನಿರ್ಮಾಣವಾಯಿತು. ಅವರ ನಿಸರ್ಗಚಿತ್ರಗಳೂ ಉಬ್ಬುಶಿಲ್ಪಗಳೂ ಇಲ್ಲಿವೆ. ಕಲಾವಿದರ ಕೃತಿಗಳು ಸಾಮಾನ್ಯವಾಗಿ ಹಲವು ಸಂಗ್ರಹಕಾರರ ಮನೆಗಳಿಗೆ ಚದುರಿಹೋಗುತ್ತವೆ. ವೆಂಕಟಪ್ಪನವರ ಬಹಳಷ್ಟು ಕೃತಿಗಳು ಒಂದೇ ಸೂರಿನಡಿ ಸಾರ್ವಜನಿಕರಿಗೆ ನೋಡಲು ದೊರೆಯುವುದು ಇದರ ವಿಶೇಷ. ಇತರ ಕಲಾವಿದರ ಪ್ರದರ್ಶನಗಳಿಗೂ ಇಲ್ಲಿ ಅವಕಾಶವಿರುವುದರಿಂದ ಹಲವು ತಲೆಮಾರಿನ ಯುವಕಲಾವಿದರಿಗೆ ಇದು ನೆಲೆಯಾಗಿದೆ. ಚಿತ್ರಶಾಲೆಯ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನವೊಂದರ ಸಹಭಾಗಿತ್ವಕ್ಕೆ ಒಪ್ಪಿಸುವ ಸರ್ಕಾರದ ಯೋಜನೆಯನ್ನು ವಿರೋಧಿಸಿ 2016ರಲ್ಲಿ ಬೆಂಗಳೂರಿನ ಕಲಾವಿದರು ಚಳವಳಿ ನಡೆಸಿದರು.