ಪ್ಲಾಸ್ಟಿಕ್ ಸರ್ಜರಿಗೆ ದಾರಿ ತೋರಿಸಿದ ಎತ್ತಿನ ಗಾಡಿಯವ ಕಾವಸ್‌ಜಿ

ಯಶವಂತಪುರ: ಇಲ್ಲಿನ ವರ್ಕ್‌ಶಾಪ್‌ಗಳಲ್ಲಿ ಮೆಷಿನ್‌ಗೆ ಸಿಕ್ಕಿ ಬೆರಳು ತುಂಡಾದ್ರೆ, ಬೇಗ ಆಸ್ಪತ್ರೆಗೆ ಹೋದ್ರೆ ಈಗ ಮತ್ತೆ ಜೋಡಿಸೋ ಚಾನ್ಸ್ ಇದೆ. ಕಾವಸ್‌ಜಿ ಕಾಲದಲ್ಲಿ ಅದಿರಲಿಲ್ಲ.

ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಮರಾಠ ಈತ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪು ಕಡೆಯವರಿಗೆ ಸೆರೆಸಿಕ್ಕ. ಮೂಗು, ಒಂದು ಕೈ ಕತ್ತರಿಸಿದರು ಅಂತ ಇಂಗ್ಲಿಷ್ ವರದಿ ಹೇಳುತ್ತೆ. ಸುಮಾರು ಒಂದು ವರ್ಷ ಹಾಗೇ ಓಡಾಡಿದ. ಮೂಗು ಹೋದ್ರೆ ಮಾನ ಹೋದಂಗೆ ಅನ್ನೋ ಕಾಲ ಅದು.

ಆಮೇಲೆ ಪುಣೆ ಹತ್ತಿರ ಇಟ್ಟಿಗೆ ಮಾಡೋ ಕುಂಬಾರನೊಬ್ಬ ಹೊಸ ಮೂಗು ಕೂರಿಸಿದ. ಮೇಣದಲ್ಲಿ ಅಳತೆ ತೆಗೆದು ಹಣೆ ಮೇಲಿಟ್ಟು ಗೆರೆ ಎಳೆದ. ಅಷ್ಟು ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆ ಮಾತ್ರ ಉಳಿಸಿ, ತಿರುಗಿಸಿ ಕೆಳಗಿಳಿಸಿದ. ಆ ಎಳೆಯಲ್ಲಿ ರಕ್ತ ಹರಿಯೋದ್ರಿಂದಲೇ ಚರ್ಮ ಸಾಯಲ್ಲ. ಹೊಲಿಗೆ ಇಲ್ಲ, ಕಾಚು ಹಚ್ಚಿದ ಬಟ್ಟೆ ಪಟ್ಟಿ ಅಷ್ಟೇ. ಸುಮಾರು 25 ದಿನಕ್ಕೆ ಎಳೆ ಕತ್ತರಿಸೋದು. ಅರಿವಳಿಕೆ ಇಂಜೆಕ್ಷನ್ ಇಲ್ಲದ ದಿನಗಳು, ನೆನೆಸಿಕೊಂಡ್ರೇ ಮೈ ಜುಂ ಅನ್ನುತ್ತೆ.

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಚಿತ್ರ ಸಮೇತ ಇದನ್ನು ಅಚ್ಚು ಹಾಕಿತು. ನಿಂತು ನೋಡಿದ ಇಬ್ಬರು ಬಾಂಬೆ ಡಾಕ್ಟರ್‌ಗಳ ಹೆಸರಿದೆ, ಕೆಲಸ ಮಾಡಿದ ಕುಂಬಾರನ ಹೆಸರಿಲ್ಲ! ಇದೇ ವಿಧಾನದಲ್ಲಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್‌ನಲ್ಲಿ ಆಪರೇಷನ್ ಮಾಡಿದ.

ಕಾವಸ್‌ಜಿಯ ಕೈ ಮಾತ್ರ ಹೋಗಿದ್ದು ಹೋಗೇ ಹೋಯ್ತು. ಅವನಿಗೆ ಕಂಪನಿ ಪಿಂಚಣಿ ಕೊಡ್ತಿತ್ತು.