ಸಂಬಳವಿಲ್ಲದ ಬೋಧಕ: ವಿಲಿಯಂ ಟೇಲರ್ ಅಯ್ಯನವರ ಚರಿತ್ರೆ

ಉರಿಗಾಂ ಸೀಮೆಯಲ್ಲಿ ಟೇಲರ್ ಎಂಬ ಹೆಸರೆತ್ತಿದರೆ, 1956ರ ವರೆಗೆ ಚಿನ್ನದ ಗಣಿಗಳನ್ನು ನಡಿಸಿದ ಜಾನ್ ಟೇಲರ್ ಕಂಪನಿಯೇ ಹಿರಿಯರ ನೆನಪಿಗೆ ಬರುವದು. ನಾವು ಈಗ ಹೇಳಹೊರಟಿರುವದು ಆ ಹೆಸರಿನ ಬೇರೊಬ್ಬರ ಚರಿತ್ರೆ. ಇವರೂ ಚಿನ್ನದ ಸೀಮೆಗೆ ಹೋದವರೇ. ಆದರೆ ಅಲ್ಲಿಂದ ಸಾಲವನ್ನು ಹೊತ್ತುಕೊಂಡು ಹೊರಟರು.

ವಿಲಿಯಂ ಟೇಲರ್ ಅಯ್ಯನವರು 1821ನೆಯ ಇಸವಿ ಮೇ 2ರಲ್ಲಿ ಅಮೇರಿಕದ ವರ್ಜೀನಿಯ ಸೀಮೆಯಲ್ಲಿ ಹುಟ್ಟಿದರು. ತಂದೆಯು ತೊಗಲು ಹದಮಾಡುವ ಕಸುಬಿನವರು. ಮಗನು ಮೆಥೊಡಿಸ್ಟ್ ಸಭೆಯ ಬೋಧಕನಾಗಿ, 1849ರಲ್ಲಿ ಹೆಂಡತಿ ಮಕ್ಕಳ ಸಂಗಡ ಕಾಲಿಫೋರ್ನಿಯಕ್ಕೆ ಹಡಗು ಹತ್ತಿದನು. ಅಲ್ಲಿ ಚಿನ್ನ ಸಿಕ್ಕಿತೆಂದು ಲೋಕವೆಲ್ಲಾ ಓಡುತ್ತಿದ್ದ ಕಾಲವದು. ಹಡಗು ದಕ್ಷಿಣ ಅಮೇರಿಕದ ತುದಿಯನ್ನು ಸುತ್ತಿ ಬರಲು ಸುಮಾರು ಐದು ತಿಂಗಳು ಹಿಡಿಯಿತು. ದಾರಿಯಲ್ಲಿಯೇ ಅಮ್ಮನವರು ಹೆಣ್ಣು ಮಗುವನ್ನು ಹೆತ್ತರು. ಸಮುದ್ರದ ಮೇಲೆ ಹುಟ್ಟಿದ್ದರಿಂದ ಅದಕ್ಕೆ ಓಷಿಯಾನ ಎಂದು ಹೆಸರಿಟ್ಟರು. ಸಾನ್ ಫ್ರಾನ್ಸಿಸ್ಕೊ ಪಟ್ಟಣದಲ್ಲಿ ಮನೆಬಾಡಿಗೆ ಕೈಗೆ ನಿಲುಕದಷ್ಟಿದ್ದದರಿಂದ, ಅಯ್ಯನವರು ಕೊಲ್ಲಿಯಾಚೆಯ ಕಾಡಿಗೆ ಹೋಗಿ ತಾವೇ ಮರ ಕಡಿದು ಮನೆ ಕಟ್ಟಿಕೊಂಡರು. ಜೂಜಿನ ಮನೆಗಳ ಎದುರಿಗೆ ಬಯಲಲ್ಲಿ ನಿಂತು ಏಳು ವರುಷ ಸುವಾರ್ತೆಯನ್ನು ಸಾರಿದರು.

ಅಲ್ಲಿ ನಾವಿಕರಿಗಾಗಿ ಕೈಕೊಂಡ ಕಟ್ಟಡದ ಕೆಲಸವು ನಷ್ಟಕ್ಕೆ ಬೀಳಲಾಗಿ, ಸಾಲದ ಹೊಣೆ ಅವರ ತಲೆಯ ಮೇಲೆ ಬಂದಿತು. ತಪ್ಪಿಸಿಕೊಳ್ಳುವ ದಾರಿಯನ್ನು ಅವರು ನೋಡಲಿಲ್ಲ. 1856ರಲ್ಲಿ ಆ ಊರನ್ನು ಬಿಟ್ಟು, ಪುಸ್ತಕಗಳನ್ನು ಬರೆದು ಮಾರಿ ಸಾಲ ತೀರಿಸಲು ತೊಡಗಿದರು. ಅಂದು ಅಗತ್ಯವಾಗಿ ಹಿಡಿದದ್ದು ಮುಂದೆ ಜೀವಮಾನದ ಕ್ರಮವಾಯಿತು: ಬೋಧನೆಗೆ ಸಂಬಳವಿಲ್ಲ, ಹಡಗಿನ ಕೂಲಿಯನ್ನು ಪುಸ್ತಕದ ಮಾರಾಟವೇ ಕೊಡಬೇಕು.

ಹೀಗೆ 1863ರಲ್ಲಿ ಆಸ್ಟ್ರೇಲಿಯವನ್ನು ಮುಟ್ಟಿ, ಅಲ್ಲಿಂದ ನೀಲಗಿರಿ ಮರದ ಬೀಜಗಳನ್ನು ಕಾಲಿಫೋರ್ನಿಯದಲ್ಲಿದ್ದ ಪತ್ನಿಗೆ ಕಳುಹಿಸಿದರು. ನಮ್ಮ ಕೋಲಾರದ ಹೊಲಗಳ ಅಂಚಿನಲ್ಲಿ ಕಾಣುವ ಮರದ ಜಾತಿಯೇ ಅದು. 1866ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಚಾರ್ಲ್ಸ್ ಪಾಮ್ಲಾ ಎಂಬ ಆ ದೇಶದ ಬೋಧಕರು ಅವರ ಮಾತನ್ನು ತಮ್ಮ ಜನರ ಭಾಷೆಗೆ ತಿರುಗಿಸಿ ಹೇಳಲು, ಸಾವಿರಾರು ಮಂದಿ ಕಿವಿಗೊಟ್ಟರು. ಆ ಫಲದಲ್ಲಿ ಪಾಮ್ಲಾ ಅವರ ಪಾಲು ಸಣ್ಣದಲ್ಲವೆಂದು ನಾವು ಎಣಿಸುತ್ತೇವೆ.

1870ರ ಕಡೆಯಲ್ಲಿ ಹಿಂದೂದೇಶಕ್ಕೆ ಬಂದು, ಲಕ್ನೋ, ಮುಂಬಯಿ, ಕಲಕತ್ತೆಗಳಲ್ಲಿ ಬೋಧಿಸಿ, 1874ರಲ್ಲಿ ಮದ್ರಾಸಿಗೂ ಬೆಂಗಳೂರಿಗೂ ಬಂದರು. ಪರದೇಶದ ಸೊಸೈಟಿಯಿಂದ ಬೋಧಕನ ಸಂಬಳ ಬರಬಾರದು, ಸಭೆಯೇ ತನ್ನ ಬೋಧಕನನ್ನು ಸಾಕಬೇಕು ಎಂಬುದು ಅವರ ಹಟ. ಇದು ನಡೆಯಿತು, ಆದರೆ ಯಾರ ನಡುವೆ ನಡೆಯಿತೆಂಬದನ್ನು ನೋಡಬೇಕು. ಅವರ ಸಭೆಗಳಲ್ಲಿ ಹೆಚ್ಚಾಗಿ ಕೂಡಿದವರು ಇಂಗ್ಲಿಷ್ ಬಲ್ಲವರು, ರೈಲು ಮುಂತಾದ ಇಲಾಖೆಗಳಲ್ಲಿ ತಿಂಗಳ ಸಂಬಳ ಎಣಿಸುವವರು. ಮಳೆ ಬಂದರೆ ಗಂಜಿ, ಬಾರದಿದ್ದರೆ ಅದೂ ಇಲ್ಲವೆಂಬ ಹಳ್ಳಿಯ ಸಭೆಗೆ ಆ ಲೆಕ್ಕ ಸುಲಭವಾಗಿ ಹೊಂದದು. 1876ರಿಂದ 1878ರ ವರೆಗಿನ ಘೋರ ಕ್ಷಾಮದಲ್ಲಿ ಕೋಲಾರದ ಆನ್‌ಸ್ಟೀ ಅಮ್ಮನವರು ಅನಾಥ ಮಕ್ಕಳನ್ನು ನಂಬಿಕೆಯಿಂದಲೇ ಸಾಕಿದರು; ಆದರೂ 1890ರಲ್ಲಿ ಆ ಕೆಲಸವನ್ನು ಅಮೇರಿಕದ ಮೆಥೊಡಿಸ್ಟ್ ಮಿಶನಿಗೆ ಒಪ್ಪಿಸಬೇಕಾಯಿತು. ಇದರಿಂದ ಟೇಲರ್ ಅಯ್ಯನವರ ಮಾತು ಸುಳ್ಳಾಗುವದಿಲ್ಲ. ಹಿಡಿ ಅಕ್ಕಿಯನ್ನೋ ರಾಗಿಯನ್ನೋ ತಂದಿಡುವ ಸಭೆಗೆ ಬೋಧಕನು ತನ್ನವನಾಗುವನೆಂಬದನ್ನು ನಾವೂ ಕಂಡಿದ್ದೇವೆ.

1877ರಲ್ಲಿ ಅವರು ದಕ್ಷಿಣ ಅಮೇರಿಕಕ್ಕೆ ಹೊರಟಾಗ ಐವತ್ತಾರು ವರುಷದವರು. ಪ್ರಯಾಣ ಬಡವರ ಮೂರನೆಯ ತರಗತಿಯಲ್ಲಿ. ಈ ತಿರುಗಾಟದ ಬೆಲೆಯನ್ನು ಅವರೊಬ್ಬರೇ ಕೊಡಲಿಲ್ಲ. ಆನ್ ಅಮ್ಮನವರು ವರುಷಗಟ್ಟಲೆ ಒಬ್ಬರೇ ಮನೆಯನ್ನು ನಡಿಸಿದರು. ಕೆಲವು ಮಕ್ಕಳನ್ನು ಮಣ್ಣಿಗೆ ಒಪ್ಪಿಸಿದರು. ಗಂಡನ ಕೀರ್ತಿಯನ್ನು ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುವದು ನಮಗೆ ಸರಿತೋರದು.

1884ರಲ್ಲಿ ಸಭೆಯು ಅವರನ್ನು ಆಫ್ರಿಕದ ಬಿಷಪ್ಪರನ್ನಾಗಿ ಆರಿಸಿತು. ಮರುವರುಷ ನಾಲ್ವತ್ತಕ್ಕೆ ಮೇಲ್ಪಟ್ಟ ಜನರು, ಮಕ್ಕಳು ಸಹಿತವಾಗಿ, ಅವರ ಕರೆಗೆ ಓಗೊಟ್ಟು ಅಂಗೋಲ ದೇಶದಲ್ಲಿ ಇಳಿದರು. ಸಂಬಳವಿಲ್ಲ, ಕೈಕಸುಬಿನಿಂದಲೂ ಬೇಸಾಯದಿಂದಲೂ ಬದುಕಬೇಕು. ಜ್ವರವು ಕೆಲವರನ್ನು ಕೊಂಡೊಯ್ದಿತು, ಕೆಲವರು ಹಿಂದಿರುಗಿದರು, ಕೆಲವರು ಮಾತ್ರ ನಿಂತರು. ತನ್ನ ದೇಹ ತಾಳಿದ್ದನ್ನು ಎಲ್ಲರ ದೇಹವೂ ತಾಳೀತೆಂದು ಅವರು ಎಣಿಸಿದರೋ ಏನೋ.

1896ರಲ್ಲಿ ಸಭೆಯು ಅವರಿಗೆ ವಿಶ್ರಾಂತಿ ಕೊಟ್ಟಿತು. 1902ನೆಯ ಇಸವಿ ಮೇ 18ರಲ್ಲಿ, ಮೊದಲು ಕೊಡಲಿ ಹಿಡಿದು ಮನೆ ಕಟ್ಟಿದ ಆ ಕಾಲಿಫೋರ್ನಿಯದಲ್ಲಿಯೇ, ಪಾಲೋ ಆಲ್ಟೊ ಎಂಬ ಊರಲ್ಲಿ ಕರ್ತನಲ್ಲಿ ನಿದ್ರೆಹೋದರು.