ಗಡಿಯಾರ ಮಾಡಿದ ಹುಡುಗ

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ತಮ್ಮನು ಮನೆಯ ಗಡಿಯಾರವನ್ನು ಬಿಚ್ಚಿ, ಚಕ್ರಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕುಳಿತಿದ್ದನು. ಸಿಟ್ಟಿನಲ್ಲಿ ನಾನು ಅವನಿಗೆ ಎರಡೇಟು ಬಿಗಿದೆನು. ಅದೇ ವಾರ ರಾಬರ್ಟ್ ಹುಕ್ಕನ ಜೀವನಚರಿತ್ರೆಯನ್ನೋದಿ ನನಗೆ ನಾಚಿಕೆಯಾಯಿತು.

ಹುಕ್ಕನು 1635ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಪಾದ್ರಿ. ಹುಡುಗನು ರೋಗಿಷ್ಠ, ತಲೆನೋವಿನ ಬಾಧೆಯಿಂದ ಓದು ಸಾಗಲಿಲ್ಲ. ಹೀಗಾಗಿ ಮನೆಯೇ ಅವನಿಗೆ ಪಾಠಶಾಲೆ, ಕೈಗಳೇ ಗುರು. ಬಿಚ್ಚಿಟ್ಟಿದ್ದ ಹಳೆಯ ಹಿತ್ತಾಳೆಯ ಗಡಿಯಾರವೊಂದನ್ನು ಕಂಡು, ಮರದಲ್ಲಿ ಅಂಥದೊಂದನ್ನು ಮಾಡಿದನು. ಅದು ನಡೆಯಿತು! ಪುಟ್ಟ ಹಡಗೊಂದನ್ನು ಕಟ್ಟಿ, ಅದು ತೇಲುತ್ತಲೇ ಗುಂಡು ಹಾರಿಸುವಂತೆಯೂ ಮಾಡಿದನು.

1648ರಲ್ಲಿ ತಂದೆ ತೀರಿಕೊಂಡರು. ಹುಡುಗನು ಲಂಡನ್ನಿಗೆ ಬಂದು ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿಯೂ, ಬಳಿಕ ಆಕ್ಸ್‌ಫರ್ಡಿನಲ್ಲಿಯೂ ಕಲಿತನು. ಅಲ್ಲಿ ರಾಬರ್ಟ್ ಬಾಯ್ಲನಿಗೆ ಸಹಾಯಕನಾಗಿ ವಾಯುರೇಚಕ ಯಂತ್ರವನ್ನು ನಿರ್ಮಿಸಿಕೊಟ್ಟನು. 1662ರಲ್ಲಿ ರಾಯಲ್ ಸೊಸೈಟಿಯವರು ತಮ್ಮ ಸಭೆಗಳಲ್ಲಿ ಪ್ರಯೋಗ ಮಾಡಿ ತೋರಿಸುವ ಹೊಣೆಯನ್ನು ಅವನಿಗೆ ವಹಿಸಿದರು.

1665ರಲ್ಲಿ ಅವನ ‘ಮೈಕ್ರೋಗ್ರಾಫಿಯಾ’ ಪ್ರಕಟವಾಯಿತು. ಬಿರಡೆಗೆ ಬಳಸುವ ಕಾರ್ಕ್ ಅಷ್ಟು ಹಗುರವೇಕೆ? ಹರಿತವಾದ ಚಾಕುವಿನಿಂದ ಅದರ ತೆಳ್ಳನೆಯ ಸಿಪ್ಪೆಯನ್ನು ತೆಗೆದು, ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದನು. ಜೇನುಹುಟ್ಟಿನಂತೆ ಸಾಲುಸಾಲು ಗೂಡುಗಳು! ಒಂದು ಅಂಗುಲದ ಉದ್ದದಲ್ಲಿ ಸಾವಿರಕ್ಕೂ ಹೆಚ್ಚು ಎಂದು ಲೆಕ್ಕ ಹಾಕಿದನು. ಅವುಗಳಿಗೆ ಪುಟ್ಟ ಕೊಠಡಿ ಎಂಬರ್ಥದ ‘ಸೆಲ್’ ಎಂಬ ಹೆಸರನ್ನಿತ್ತನು. ನಾವು ಜೀವಕೋಶವೆನ್ನುವುದು ಇದನ್ನೇ. ಆದರೆ ಅವನು ಕಂಡದ್ದು ಜೀವ ಹೋದ ಮೇಲೆ ಉಳಿದ ಗೋಡೆಗಳನ್ನು. ಗಿಡಮರ, ಪ್ರಾಣಿಗಳೆಲ್ಲವೂ ಕೋಶಗಳಿಂದಲೇ ಆದುವೆಂದು ಷ್ಲೈಡೆನ್ ಮತ್ತು ಷ್ವಾನ್ ಸಾರಿದ್ದು 1838-39ರಲ್ಲಿ.

1666ರ ಬೆಂಕಿಯಲ್ಲಿ ಲಂಡನ್ ಸುಟ್ಟಾಗ, ನಗರವನ್ನು ಅಳೆದು ಮತ್ತೆ ಕಟ್ಟುವ ಕೆಲಸದಲ್ಲಿಯೂ ಹುಕ್ಕನು ದುಡಿದನು. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ಕನು ನೀರಿನಲ್ಲಿ ಸೂಕ್ಷ್ಮಜೀವಿಗಳನ್ನು ಕಂಡೆನೆಂದು ಬರೆದಾಗ ಹಲವರು ನಂಬಲಿಲ್ಲ. 1677ರಲ್ಲಿ ತಾನೇ ಪ್ರಯೋಗ ಮಾಡಿ ಅದು ನಿಜವೆಂದು ತೋರಿಸಿದವನು ಹುಕ್ಕನೇ. ಗುರುತ್ವದ ವಿಷಯದಲ್ಲಿ ನ್ಯೂಟನ್ನನೊಡನೆ ಕಲಹವಾಗಿ, ಅವನ ಕಡೆಯ ದಿನಗಳು ಕಹಿಯಾದುವು. 1703ರಲ್ಲಿ ತೀರಿಕೊಂಡ ಅವನದೇ ಎಂದು ಖಚಿತವಾಗಿ ಹೇಳಬಹುದಾದ ಒಂದು ಚಿತ್ರವೂ ಉಳಿದಿಲ್ಲ.

ಪುಸ್ತಕವನ್ನು ಮುಚ್ಚಿ ತಮ್ಮನನ್ನು ಕರೆದೆನು. ಪರಿಚಿತ ಮೇಷ್ಟರೊಬ್ಬರಿಂದ ಸೂಕ್ಷ್ಮದರ್ಶಕವನ್ನು ಎರವಲು ತಂದೆವು. ಈರುಳ್ಳಿಯ ಒಳಪದರದ ಪೊರೆಯನ್ನು ಸುಲಿದು, ಗಾಜಿನ ಮೇಲೆ ಹರಡಿ, ಒಂದು ಹನಿ ಅಯೋಡಿನ್ ಹಾಕಿದೆವು. ಇಟ್ಟಿಗೆ ಜೋಡಿಸಿದಂತೆ ಕೋಶಗಳು ಕಂಡುವು. ಆ ಕೋಣೆಗಳೊಳಗಿನ ಚುಕ್ಕೆ ಏನೆಂದು ತಮ್ಮನು ಕೇಳಿದನು. ಅದು ಕೋಶಕೇಂದ್ರ, ಹುಕ್ಕನ ಬರಿದಾದ ಕೊಠಡಿಗಳಲ್ಲಿ ಇಲ್ಲದಿದ್ದುದು ಅದೇ ಎಂದೆನು.

ನಮ್ಮ ಗಡಿಯಾರ ಇನ್ನೂ ನಡೆಯುತ್ತಿಲ್ಲ. ಅದನ್ನು ರಿಪೇರಿಗೆ ಕೊಟ್ಟಿಲ್ಲ. ತಮ್ಮನ ಕೈಗೇ ಬಿಟ್ಟಿದ್ದೇನೆ.